ಗಾಜಿನ ಮೇಲಿನ ಮಸಿ ಮತ್ತು ದೊಡ್ಡಮ್ಮನ ಬಲಗೈ

ಚಾಮರಾಜನಗರದ ನಮ್ಮ ಪತ್ರಿಕಾ ಕಚೇರಿಯಲ್ಲಿ ನಿಧನ ವಾರ್ತೆಗಳನ್ನು ನೋಡಿಕೊಳ್ಳುವವಳು ನಾನು. ಈ ಕೆಲಸಕ್ಕೆ ನಾನೇ ಮಾಡಿಟ್ಟ ಒಂದು ನಿಯಮವಿದೆ: ಸತ್ತವರ ಮನೆಯವರೊಬ್ಬರು ಫೋನಿನಲ್ಲಿ ಹೌದು ಎನ್ನುವವರೆಗೆ ಯಾರೂ ನಮ್ಮ ಪತ್ರಿಕೆಯಲ್ಲಿ ಸಾಯುವಂತಿಲ್ಲ. ಊರಿನವರು ಹೇಳಿದರೆ ಸಾಲದು, ನಮ್ಮದೇ ವರದಿಗಾರ ಬರೆದು ಕಳಿಸಿದರೂ ಸಾಲದು. ಡೆಸ್ಕಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು. ಒಂದು ಶನಿವಾರ ಈ ನಿಯಮ ತಿರುಗಿ ನಮ್ಮ ಮನೆಗೇ ಬಂತು. ಅದಕ್ಕೆ ಕಾರಣವಾಗಿದ್ದು ಒಂದು ಗಾಜು, ಸ್ವಲ್ಪ ಮಸಿ ಮತ್ತು ನಮ್ಮ ದೊಡ್ಡಮ್ಮನ ಬಲಗೈ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಗುಂಡ್ಲುಪೇಟೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವರ ಬೀದಿಯಲ್ಲಿ ಯಾರ ಮನೆಯಲ್ಲಿ ಊಟ ಹಾಕಿಸಿದರೂ ಮೊದಲ ಸೌಟು ಪಾಯಸ ದೊಡ್ಡಮ್ಮನೇ ಬಡಿಸಬೇಕು. ಅವಳು ಶುರು ಮಾಡಿದರೆ ಅಡುಗೆ ಸಾಲದೆ ಬರುವುದಿಲ್ಲ ಎಂದು ಬೀದಿ ನಂಬಿದೆ. ಅವಳದು ಕೈಗುಣ ಎನ್ನುತ್ತಾರೆ. ಅಂಥ ದಿನ ಯಾರೂ ಕರೆಯದೆಯೇ ಅವಳು ಬೆಳಗ್ಗೆಯೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಬಾಗಿಲ ಕಡೆ ನೋಡದವಳ ಹಾಗೆ ಬಾಗಿಲ ಕಡೆಯೇ ನೋಡುತ್ತ ಕೂತಿರುತ್ತಾಳೆ. ಕರೆ ಬಂದ ಮೇಲೆ, ಅಯ್ಯೋ ನನಗೆ ಕೆಲಸವಿತ್ತಲ್ಲ ಎಂದು ಹೇಳಿ ಎದ್ದುಹೋಗುತ್ತಾಳೆ.

ಅವಳ ಮಗ ಊರಾಚೆ ಹೊಸ ಮನೆ ಕಟ್ಟಿಸಿದ್ದ. ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಬರುವವರಿಗೆ ತಾಂಬೂಲದ ಜೊತೆ ಏನು ಕೊಡುವುದು ಎಂಬ ಪ್ರಶ್ನೆ ಎದ್ದಿತು. ಗುಂಡ್ಲುಪೇಟೆಯ ಅಡುಗೆಮನೆಗಳಲ್ಲಿ ಯಾರ್‍ಯಾರದೋ ಒಕ್ಕಲಿನ ಸ್ಟೀಲ್ ಡಬ್ಬಿಗಳು ಒಂದರೊಳಗೊಂದು ಕೂತು ಸಾಕಾಗಿವೆ. ಸೊಸೆ, ಅಂದರೆ ನನ್ನ ಅತ್ತಿಗೆ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಡಬ್ಬಿ ಬೇಡ, ಅತ್ತೆಯ ಅಡುಗೆಗಳನ್ನು ಒಂದು ಪುಸ್ತಕ ಮಾಡಿ ಕೊಡೋಣ ಎಂದಳು. ದೊಡ್ಡಮ್ಮ ಹೇಳಿದಳು, ನಾನು ಬರೆದುಕೊಂಡೆ: ಬಸ್ಸಾರು, ಉಪ್ಪೆಸರು, ಹುರುಳಿಕಟ್ಟು, ಒಬ್ಬಟ್ಟು, ಕಜ್ಜಾಯ. ಎಷ್ಟು ಉಪ್ಪು ಎಂದು ಕೇಳಿದರೆ, ಎಷ್ಟು ಬೇಕೋ ಅಷ್ಟು ಎನ್ನುತ್ತಿದ್ದಳು. ಹಾಗೆಯೇ ಬರೆದೆ. ಒಳಹಾಳೆಗಳನ್ನು ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಸಿದ್ದಾಯಿತು. ಆದರೆ ರಕ್ಷಾಪುಟದ ಚಿತ್ರ ಮಾತ್ರ ಜೆರಾಕ್ಸ್ ಆಗಬಾರದು, ಒಂದೊಂದು ಪ್ರತಿಗೂ ಕೈಯಲ್ಲೇ ಅಚ್ಚು ಹಾಕಬೇಕು ಎಂದು ಅತ್ತಿಗೆ ಹಟ ಹಿಡಿದಳು. ಆ ವಿದ್ಯೆಯನ್ನು ಅವಳ ತಲೆಗೆ ತುಂಬಿದವಳು ನಾನೇ. ನಮ್ಮ ಮಕ್ಕಳ ಪುರವಣಿಗೆ ಬಂದಿದ್ದ ಒಂದು ಲೇಖನ ತಿದ್ದುವಾಗ, ಬರೆದದ್ದು ನಿಜವೇ ಎಂದು ನೋಡಲು ಮನೆಯಲ್ಲಿ ಮಾಡಿ ನೋಡಿದ್ದೆ. ನಿಜವಾಗಿತ್ತು.

ವಿಧಾನ ಸರಳ. ಗಾಜಿನ ಮೇಲೆ ಅಚ್ಚಿನ ಮಸಿಯನ್ನು ತೆಳ್ಳಗೆ ಹರಡಬೇಕು. ಅದರ ಮೇಲೆ ಒಂದು ಹಾಳೆಯನ್ನು ಒತ್ತದೆ ಸುಮ್ಮನೆ ಮಲಗಿಸಬೇಕು. ಹಾಳೆಯ ಬೆನ್ನ ಮೇಲೆ ಪೆನ್ನಿನಿಂದ ಗೆರೆ ಎಳೆದರೆ, ಪೆನ್ನು ಎಲ್ಲಿ ಒತ್ತಿತೋ ಅಲ್ಲಿ ಮಾತ್ರ ಕೆಳಗಿನ ಮಸಿ ಹಾಳೆಗೆ ಅಂಟುತ್ತದೆ. ಹಾಳೆ ಎತ್ತಿ ಮಗುಚಿದರೆ ಚಿತ್ರ. ಗೆರೆ ಸ್ವಲ್ಪ ಜುಂಗು ಜುಂಗಾಗಿ, ಉಣ್ಣೆಯ ದಾರದಿಂದ ಬರೆದ ಹಾಗೆ ಬರುತ್ತದೆ. ಅದೇ ಅದರ ಚೆಂದ. ಒಂದೇ ಚಿತ್ರ ಮತ್ತೆ ಮತ್ತೆ ಬೇಕಾದರೆ ಬಟರ್ ಪೇಪರಿನ ಮೇಲೆ ಮಾದರಿ ಬರೆದಿಟ್ಟುಕೊಂಡು, ಪ್ರತಿಸಲ ಹಾಳೆಯ ಮೇಲೆ ಅದನ್ನಿಟ್ಟು ಗೀಚಿದರಾಯಿತು. ಅಂಗೈ ಊರಿದರೆ ಅಂಗೈಯೂ ಅಚ್ಚಾಗುತ್ತದೆ. ಅದಕ್ಕೆ ಎರಡು ಬೆಂಕಿಪೊಟ್ಟಣದ ಮೇಲೆ ಒಂದು ಅಡಿಪಟ್ಟಿ ಇಟ್ಟು ಸೇತುವೆ ಮಾಡಿಕೊಂಡು, ಅದರ ಮೇಲೆ ಕೈ ಇಟ್ಟುಕೊಳ್ಳಬೇಕು.

ರಜೆ ಹಾಕಿ, ನಮ್ಮ ಪ್ರೆಸ್ಸಿನಿಂದ ಒಂದು ಮುದ್ದೆ ಮಸಿಯನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ತುಂಬಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ರೋಲರ್ ಇರಲಿಲ್ಲ. ಅತ್ತಿಗೆ ಹಳೆಯ ಲಟ್ಟಣಿಗೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಎಳೆದು ತೊಡಿಸಿದಳು. ಅದು ಮಸಿಯನ್ನು ಚೆನ್ನಾಗಿಯೇ ಹರಡಿತು. ಗಾಜಿಗೆ ಹುಡುಕಾಡಿದಾಗ ಮನೆಯಲ್ಲಿ ಸಿಕ್ಕಿದ್ದು ದೊಡ್ಡಮ್ಮನ ದೊಡ್ಡ ಫೋಟೊದ ಕಟ್ಟು ಮಾತ್ರ. ಬೀದಿಯ ಮಹಿಳಾ ಸಂಘದವರು ಅವಳಿಗೆ ಶಾಲು ಹೊದಿಸಿದಾಗ ತೆಗೆದ ಫೋಟೊ ಅದು. ಕಟ್ಟು ಬಿಚ್ಚಿ ಗಾಜು ತೆಗೆದುಕೊಂಡೆವು. ಫೋಟೊ ಬರಿದಾಗಿ ಉಳಿಯಿತು.

ಲಟ್ಟಣಿಗೆಯನ್ನು ನೋಡಿ ದೊಡ್ಡಮ್ಮ, ಇದರಲ್ಲಿ ಇನ್ನು ಒಬ್ಬಟ್ಟು ಲಟ್ಟಿಸಿದರೆ ಮನೆ ಬಿಟ್ಟು ಹೋಗುತ್ತೇನೆ ಎಂದಳು. ಆದರೂ ರಕ್ಷಾಪುಟದ ಚಿತ್ರ ಅವಳದೇ ಎಂದು ತಿಳಿದ ಮೇಲೆ ಸೆರಗು ಸರಿಮಾಡಿಕೊಂಡು, ಸೌಟು ಹಿಡಿದು, ಎಲೆಗೆ ಪಾಯಸ ಬಡಿಸುವವಳ ಹಾಗೆ ಬಗ್ಗಿ ನಿಂತಳು. ಸೊಂಟ ನೋಯುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ನಾನು ಮಾದರಿ ಬರೆದೆ. ಅದನ್ನು ಹಾಳೆಯ ಮೇಲಿಟ್ಟು ಗೀಚಿದೆ. ಹಾಳೆ ಎತ್ತಿ ಮಗುಚಿದೆ.

ಮುಖ ಬಂದಿತ್ತು. ಸೀರೆಯ ಅಂಚೂ ಬಂದಿತ್ತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಎಡ್ಗೈಲಿ ಬಡಿಸ್ತಾವ್ಳೆ ಕಣಮ್ಮಿ ಇವ್ಳು" ಎಂದಳು.

ಹಾಳೆ ಮಗುಚಿದಾಗ ಚಿತ್ರ ಎಡಬಲವಾಗುತ್ತದೆ ಎಂಬುದು ನಾನೇ ತಿದ್ದಿದ ಲೇಖನದ ಮೂರನೇ ಪ್ಯಾರಾದಲ್ಲಿತ್ತು. ದೊಡ್ಡಮ್ಮ ಎಡಗೈಯಲ್ಲಿ ಬಡಿಸುತ್ತಿದ್ದಳು. ಸೆರಗು ಬಲಭುಜದ ಮೇಲಿತ್ತು. ಉಣ್ಣುವವರ ಎಡಕ್ಕಿರಬೇಕಾದ ಬಾಳೆಎಲೆಯ ತುದಿ ಬಲಕ್ಕೆ ತಿರುಗಿತ್ತು. ನಮ್ಮಲ್ಲಿ ತುದಿ ಬಲಕ್ಕೆ ಬರುವಂತೆ ಎಲೆ ಹಾಕುವುದು ಸಾವಿನ ಮನೆಯಲ್ಲಿ ಮಾತ್ರ. ಒಟ್ಟಿನಲ್ಲಿ ಹೊಸ ಮನೆಯ ಒಕ್ಕಲಿಗೆ ಬಂದವರ ಕೈಗೆ, ತಿಥಿಯ ಎಲೆಗೆ ಎಡಗೈಯಲ್ಲಿ ಬಡಿಸುತ್ತಿರುವ ದೊಡ್ಡಮ್ಮನನ್ನು ಕೊಟ್ಟು ಕಳಿಸುವ ಸ್ಥಿತಿಯಲ್ಲಿದ್ದೆವು.

ಅತ್ತಿಗೆ ಗಣಿತದವಳಾದ್ದರಿಂದ ಗಾಬರಿಯಾಗಲಿಲ್ಲ. ಕನ್ನಡಿಯ ಪ್ರತಿಬಿಂಬದ ಬಗ್ಗೆ ಒಂದು ಸಣ್ಣ ಪಾಠ ಮಾಡಿ, ಮಾದರಿಯ ಹಾಳೆಯನ್ನು ಮಗುಚಿಟ್ಟು ಗೀಚಿದರೆ ಎಲ್ಲ ನೆಟ್ಟಗಾಗುತ್ತದೆ ಎಂದಳು. ನೆಟ್ಟಗಾಗುವುದು ನಿಜವೇ. ಬಟರ್ ಪೇಪರ್ ಮಗುಚಿಟ್ಟೆ. ಆದರೆ ಗೀಚಲು ಹೊರಟಾಗ ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದಳು. ಈಗ ಗೀಚುತ್ತಿರುವುದು ಯಾವ ಕೈಯನ್ನು ಎಂದು ಕೇಳಿದಳು. ಎಡಗೈಯನ್ನೇ, ಆದರೆ ಅಚ್ಚಿನಲ್ಲಿ ಬಲಗೈ ಆಗುತ್ತದೆ ಎಂದೆ.

ಅವಳು ಪೆನ್ನಿನ ಮೇಲೆ ಕೈ ಇಟ್ಟಳು. "ಅಂಗಾರೆ ಒಂದೊಂದು ಪುಸ್ತಕಕ್ಕೂ ಒಂದೊಂದ್ಸಲ ನಾನು ಎಡ್ಗೈಲಿ ಬಡಿಸೋ ಅಂಗೆ ಮಾಡ್ತೀಯ. ಇಷ್ಟು ವರ್ಸದಲ್ಲಿ ಒಂದು ದಿನಾನೂ ಬಡಿಸ್ದೋಳಲ್ಲ ನಾನು. ಬ್ಯಾಡ ಕಣಮ್ಮಿ, ಡಬ್ಬೀನೇ ಕೊಟ್ಬುಡಿ."

ಇದು ಗಣಿತಕ್ಕೂ ಪತ್ರಿಕೋದ್ಯಮಕ್ಕೂ ಮೀರಿದ ಗಂಟು. ಅವಳ ಬಲಗೈ ನೆಟ್ಟಗೆ ಬರದೆ ಪುಸ್ತಕ ಬರುವಂತಿಲ್ಲ. ಬಲಗೈ ನೆಟ್ಟಗೆ ಬರಬೇಕೆಂದರೆ ಎಡಗೈ ಬರೆಯದೆ ದಾರಿಯಿಲ್ಲ. ಅವಳ ಎಡಗೈ ಬರೆಯುವಂತಿಲ್ಲ. ಒಕ್ಕಲು ಮುಂದಿನ ವಾರವಿತ್ತು. ಜೆರಾಕ್ಸ್ ಹಾಳೆಗಳು ಹೊಲಿಗೆಗೆ ಕಾದು ಕೂತಿದ್ದವು.

ನನ್ನ ಎಡಗೈಯನ್ನು ಬರೆದುಕೋ ಎಂದಳು ಅತ್ತಿಗೆ. ದೊಡ್ಡಮ್ಮ ಇದಕ್ಕೂ ಮುಖ ಸಿಂಡರಿಸಿದಳು. ಏನು ಬೇಕಾದರೂ ಮಾಡಿಕೊಳ್ಳಿ, ನಾನು ನೋಡುವುದಿಲ್ಲ ಎಂದು ತಲೆಗೆ ಎಣ್ಣೆ ಹಚ್ಚಿಕೊಂಡು ಹಿಂದುಗಡೆಯ ಬಚ್ಚಲಮನೆಗೆ ಹೋದಳು. ದೊಡ್ಡಮ್ಮನ ಎಣ್ಣೆಸ್ನಾನ ಎಂದರೆ ಸಣ್ಣ ಕೆಲಸವಲ್ಲ. ನಮಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

ಬೆಳಕು ಚೆನ್ನಾಗಿ ಬೀಳುವುದು ಬೀದಿ ಬಾಗಿಲ ಎದುರಿನ ಪಡಸಾಲೆಯಲ್ಲಿ. ಅಲ್ಲೇ ಎಲ್ಲವನ್ನೂ ಉಲ್ಟಾ ಜೋಡಿಸಿದೆವು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದರೆ ಅಚ್ಚು ತಾನೇ ನೆಟ್ಟಗೆ ಬರುತ್ತದೆ ಎಂಬುದು ಲೆಕ್ಕಾಚಾರ. ಬಾಳೆಎಲೆಯನ್ನು ತುದಿ ಬಲಕ್ಕೆ ಬರುವಂತೆ ಹಾಸಿದೆವು. ಬರಿಯ ಎಲೆ ಚಿತ್ರದಲ್ಲಿ ಚೆನ್ನಾಗಿರುವುದಿಲ್ಲವೆಂದು ಅತ್ತಿಗೆ ಅನ್ನ, ಪಲ್ಯ, ಪಾಯಸ ಬಡಿಸಿದಳು. ಮುಖ ನೋಡಿ ಬರೆಯಲು ದೊಡ್ಡಮ್ಮನ ಫೋಟೊವನ್ನು ಎಲೆಯ ಎದುರಿಗೆ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿದೆವು. ಕಟ್ಟು ಇಲ್ಲದ ಫೋಟೊ ಫ್ಯಾನಿನ ಗಾಳಿಗೆ ಸುರುಳಿ ಸುತ್ತುತ್ತಿತ್ತು. ಹೊಸ ಮನೆಯ ಬಾಗಿಲ ಅಳತೆ ನೋಡಲೆಂದು ಅತ್ತಿಗೆ ಕಟ್ಟಿಟ್ಟಿದ್ದ ಚೆಂಡುಹೂವಿನ ಸರವನ್ನು ಭಾರಕ್ಕೆ ಅದರ ಮೇಲೆ ಹಾಕಿದಳು. ಎಡಗೈಯಲ್ಲಿ ಸೌಟು ಹಿಡಿದು ನಿಂತಳು. ಎಡಗೈ ಅಭ್ಯಾಸವಿಲ್ಲದೆ ಸೌಟು ನಡುಗಿ, ಪಾಯಸ ಪಲ್ಯಕ್ಕೆ ಬಿತ್ತು. ಎರಡನೇ ಸಲ ನನ್ನ ಪಾದಕ್ಕೆ ಬಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವಳು ಒಳಗೆ ಹೋದಳು.

ನಾನು ಹಳೆಯ ಮಸಿ ಒರೆಸಲು ಗಾಜಿಗೆ ಸೀಮೆಎಣ್ಣೆ ಹಾಕಿದೆ. ಅದರ ಘಾಟಿಗೆ ಕಣ್ಣಲ್ಲಿ ನೀರು ಸುರಿಯತೊಡಗಿತು. ಎರಡೂ ಅಂಗೈ ಕಪ್ಪಾಗಿದ್ದರಿಂದ, ತೋಳಿನಲ್ಲಿ ಕಣ್ಣು ಒತ್ತಿಕೊಳ್ಳುತ್ತ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಬಾಗಿಲಲ್ಲಿ ಯಾರೋ ಬಂದು ಹೋದಂತಾಯಿತು. ನೋಡಿದಾಗ ಯಾರೂ ಇರಲಿಲ್ಲ. ಜಗಲಿಯ ಮೇಲೆ ಒಂದು ಖಾಲಿ ಲೋಟ ಇತ್ತು.

ಲೋಟ ಪಕ್ಕದ ಮನೆಯವಳದು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ಅವಳು ಕಂಡದ್ದನ್ನು ಆಮೇಲೆ ಅವಳಿಂದಲೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ: ಹೂವು ಹಾಕಿದ ದೊಡ್ಡಮ್ಮನ ಫೋಟೊ, ಅದರ ಮುಂದೆ ತುದಿ ಬಲಕ್ಕೆ ತಿರುಗಿದ ಎಲೆ, ಎಲೆ ತುಂಬ ಅಡುಗೆ, ಮೂಲೆಯಲ್ಲಿ ಚಾಮರಾಜನಗರದಿಂದ ಬಂದ ತಂಗಿಯ ಮಗಳು ಕಣ್ಣೊರೆಸಿಕೊಳ್ಳುತ್ತಿರುವುದು. ಬೆಳಗ್ಗೆ ತಾನೇ ಸೊಪ್ಪಿನ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದ ದೊಡ್ಡಮ್ಮ ಅಷ್ಟರಲ್ಲಿ ಸತ್ತು, ಮಣ್ಣಾಗಿ, ಎಡೆಯನ್ನೂ ಇಡಿಸಿಕೊಂಡಿದ್ದು ಹೇಗೆ ಎಂದು ಕೇಳಿದೆ. ಆಗ ಅಷ್ಟೆಲ್ಲ ಯೋಚನೆ ಬರುವುದಿಲ್ಲ ಎಂದಳು. ಅವಳ ಹೇಳಿಕೆಯಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ವರದಿ ಮಾಡುತ್ತಿದ್ದೆ.

ಅವಳು ಕೂಗಾಡದೆ ಮನೆಗೆ ಹೋಗಿ ಒಬ್ಬೊಬ್ಬರಿಗೇ ಫೋನ್ ಮಾಡಿ ತಿಳಿಸಿದಳು. ಆದರೆ ನಮ್ಮ ಮನೆಗೆ ಯಾರೂ ಕೂಡಲೇ ಬರಲಿಲ್ಲ. ಆ ಹೊತ್ತಿಗೆ ಬೀದಿಯ ನಲ್ಲಿಯಲ್ಲಿ ನೀರು ಬಂದಿತ್ತು. ಸಾವಿನ ಮನೆಗೆ ಹೋಗಿಬಂದರೆ ಮತ್ತೆ ಸ್ನಾನ ಮಾಡಬೇಕು, ಒಗೆಯಬೇಕು. ಅದಕ್ಕೆ ಮೊದಲು ನೀರು ತುಂಬಿಸಿ, ಅಡುಗೆ ಮುಗಿಸಿ, ಎಲ್ಲರೂ ಒಟ್ಟಿಗೆ ಹೋಗುವುದೆಂದು ಹೆಂಗಸರೆಲ್ಲ ತೀರ್ಮಾನಿಸಿದ್ದರು. ಇಡೀ ಬೀದಿ ದುಃಖದಲ್ಲಿ ಬಿಂದಿಗೆ ತುಂಬಿಸಿಕೊಳ್ಳುತ್ತಿತ್ತು.

ನಮ್ಮ ಫೋನುಗಳು ಒಂದಾದ ಮೇಲೊಂದು ಹೊಡೆದುಕೊಂಡವು. ನನ್ನದು ಸೋಫಾ ಮೇಲೆ, ಅತ್ತಿಗೆಯದು ಕಿಟಕಿಯಲ್ಲಿ. ಕುಕ್ಕರ್ ಇಳಿಸಿ ಬಂದ ಅತ್ತಿಗೆಯೂ ಗಾಜು ಒರೆಸಲು ಕೈಹಾಕಿದ್ದರಿಂದ ಇಬ್ಬರ ಕೈಯೂ ಮಸಿ. ಅಚ್ಚಿನ ಮಸಿ ಒಮ್ಮೆ ಫೋನಿಗೆ ಮೆತ್ತಿದರೆ ಆಮೇಲೆ ಕೆನ್ನೆಗೆ, ಕಿವಿಗೆ, ದಿಂಬಿಗೆಲ್ಲ ಬರುತ್ತದೆ. ಒಕ್ಕಲಿಗೆ ಬರುವವರು ದಾರಿ ಕೇಳುತ್ತಿರಬೇಕು, ಆಮೇಲೆ ಮಾಡಿದರಾಯಿತು ಎಂದುಕೊಂಡೆವು. ಎಷ್ಟು ಹೊಡೆದರೂ ಎತ್ತದ ಫೋನು ಉಳಿದಿದ್ದ ಅನುಮಾನವನ್ನೂ ತೆಗೆದುಹಾಕಿತು.

ಕುದೇರಿನ ಮಾವ, ಅಂದರೆ ದೊಡ್ಡಮ್ಮನ ಬೆನ್ನಿಗೆ ಬಿದ್ದ ತಮ್ಮ, ಆ ದಿನ ಕೆಲಸದ ಮೇಲೆ ತೆರಕಣಾಂಬಿಗೆ ಬಂದಿದ್ದ. ದೊಡ್ಡಮ್ಮನ ಮಗ ಹೊಸ ಮನೆಯ ಕೆಲಸದಲ್ಲಿದ್ದು ಫೋನಿಗೆ ಸಿಗದೆ, ಪಕ್ಕದ ಮನೆಯವಳ ಫೋನು ಹೋಗಿದ್ದು ಮಾವನಿಗೇ. ಸಿಕ್ಕ ಗೂಡ್ಸ್ ಆಟೋ ಹತ್ತಿ, ದಾರಿಯಲ್ಲಿ ತೋಳು ದಪ್ಪದ ಹೂವಿನ ಹಾರ ಕೊಂಡು ಬಂದೇಬಿಟ್ಟ. ಆಟೋ ನಿಂತ ಸದ್ದಿಗೆ ಬೀದಿಯ ಹೆಂಗಸರು ಒಲೆ ಆರಿಸಿ ಅವನ ಹಿಂದೆಯೇ ಬಂದರು. ಅಡುಗೆಮನೆಯಿಂದ ಬಂದ ಅತ್ತಿಗೆ ಸೌಟು ಹಿಡಿದು ನಿಂತಳು. ನಾನು ಏಳುವ ಮೊದಲೇ ಮಾವ ಸ್ಟೂಲಿನ ಮುಂದೆ ಕುಸಿದು, ಫೋಟೊಗೆ ಹಾರ ಹಾಕಿ, ಹಾಡಿಕೊಂಡು ಅಳಲು ಶುರು ಮಾಡಿದ. ಅವನನ್ನು ತಡೆದು ವಿಷಯ ತಿಳಿಸಲು ನಾನು ಎರಡು ಸಲ ಬಾಯಿ ತೆರೆದೆ. ಅವನ ಅಳುವಿನಲ್ಲಿ ಎಲ್ಲಿಯೂ ಪೂರ್ಣವಿರಾಮ ಇರಲಿಲ್ಲ.

ಅಕ್ಕ ತನ್ನನ್ನು ಎತ್ತಿ ಆಡಿಸಿದ್ದು, ಹಬ್ಬಕ್ಕೆ ತನಗೆಂದು ಕಜ್ಜಾಯ ಕದ್ದಿಟ್ಟಿದ್ದು, ತನ್ನ ಮದುವೆಯಲ್ಲಿ ಬಡಿಸಿ ಬಡಿಸಿ ಕೈ ಊದಿಸಿಕೊಂಡದ್ದು ಎಲ್ಲ ಬಂದವು. ಕೊನೆಗೆ ಮಾವ ತನ್ನ ಎಡಗೈ ಮೇಲೆತ್ತಿ ಫೋಟೊಗೆ ತೋರಿಸಿದ. ಅವನು ಹುಟ್ಟಾ ಎಡಚ. ಉಣ್ಣುವುದೂ ಎಡಗೈಯಲ್ಲೇ. ಅದಕ್ಕಾಗಿ ದೊಡ್ಡಮ್ಮನಿಂದ ಬೈಸಿಕೊಳ್ಳದೆ ಅವನು ಒಂದು ಊಟವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ.

"ಉಣ್ಣಾಕೆ ಕುಂತ್ರೆ ಈ ಕೈಗೆ ಒಡೀತಿದ್ಯಲ್ಲಕ್ಕ" ಎಂದು ಅತ್ತ. "ಇನ್ನು ಯಾರು ಒಡೀತಾರೆ ನಂಗೆ."

ಆಗ ನೋಡಿದೆ. ನಡುಮನೆಯ ಪರದೆಯ ಪಕ್ಕದಲ್ಲಿ ದೊಡ್ಡಮ್ಮ ನಿಂತಿದ್ದಳು. ಒದ್ದೆ ಕೂದಲು ಬಿಟ್ಟುಕೊಂಡು, ಭುಜದ ಮೇಲೆ ಟವೆಲ್ ಹಾಕಿಕೊಂಡು, ತಲೆ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಮುಖದಲ್ಲಿ ಗಾಬರಿ ಇರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಹರಿಕಥೆ ಕೇಳುವವಳ ಹಾಗಿದ್ದಳು. ಮಾವ ಉಸಿರು ಎಳೆದುಕೊಳ್ಳಲು ನಿಂತಾಗ ಮಾತ್ರ ಮಾತಾಡಿದಳು.

"ಮದ್ವೇಲಿ ಬಳೆ ಕೊಡಿಸ್ತೀನಿ ಅಂದು ಕೊಡಿಸ್ದೆ ಓದೆಯಲ್ಲ, ಅದ್ನೂ ಸೇರಿಸಿ ಏಳ್ಲಾ."

ಬಾಗಿಲಲ್ಲಿದ್ದ ಒಬ್ಬಾಕೆಯ ಕೈಯಿಂದ ಊದುಬತ್ತಿಯ ಪೊಟ್ಟಣ ಬಿತ್ತು. ಮಾವ ಫೋಟೊ ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಫೋಟೊ ನೋಡಿದ. ಇಬ್ಬರಲ್ಲಿ ಯಾರನ್ನು ನಂಬುವುದು ಎಂದು ಯೋಚಿಸುತ್ತಿದ್ದ ಹಾಗಿತ್ತು. ಆಮೇಲೆ ಅವಳ ಕಾಲು ಹಿಡಿದುಕೊಂಡು ಮೊದಲಿಗಿಂತ ಜೋರಾಗಿ ಅತ್ತ.

ದೊಡ್ಡಮ್ಮನ ಕಣ್ಣು ಆಗ ಎಲೆಯ ಮೇಲೆ ಬಿತ್ತು. ತುದಿ ನೋಡಿದಳು. ಫೋಟೊದ ಮೇಲಿನ ಹೂವು ನೋಡಿದಳು. ನನ್ನನ್ನೂ ಅತ್ತಿಗೆಯನ್ನೂ ನೋಡಿದಳು. ಅತ್ತಿಗೆ ಪ್ರತಿಬಿಂಬದ ವಿಷಯ ತೆಗೆಯಹೊರಟಳು. ನಾನು ಅವಳ ಕಾಲು ತುಳಿದೆ.

ಈ ಹೊತ್ತಿನಲ್ಲಿ ನನ್ನ ಫೋನ್ ಮತ್ತೆ ಹೊಡೆಯಿತು. ನಮ್ಮ ಮೂವರಲ್ಲಿ ಮಸಿ ಇಲ್ಲದ ಕೈ ದೊಡ್ಡಮ್ಮನದೊಂದೇ. ಅವಳೇ ಎತ್ತಿ ಸ್ಪೀಕರ್ ಹಾಕಿದಳು. ನಮ್ಮ ಡೆಸ್ಕಿನ ಹುಡುಗಿ. ಗುಂಡ್ಲುಪೇಟೆಯ ನಮ್ಮ ವರದಿಗಾರ ಹಿಂದಿನ ಬೀದಿಯಲ್ಲೇ ಇರುವವನು. ಕೊಡುಗೈ ಗೃಹಿಣಿ ನಿಧನ ಎಂದು ನಾಲ್ಕು ಸಾಲು ಕಳಿಸಿದ್ದನಂತೆ. ಮನೆಯವರು ಖಚಿತಪಡಿಸಬೇಕಲ್ಲ ಮೇಡಂ, ಅದಕ್ಕೇ ಮಾಡುತ್ತಲೇ ಇದ್ದೇನೆ ಎಂದಳು ಪಾಪ. ಸತ್ತಿರುವವಳು ನಾನೇ, ಸತ್ತಿಲ್ಲ ಎಂದು ದೊಡ್ಡಮ್ಮ ಹೇಳಿದಳು. ಆಮೇಲೆ ಹುಡುಗಿ ಬಹಳ ವಿನಯದಿಂದ, ಹಾಗಲ್ಲಮ್ಮ, ಮನೆಯವರು ಬೇರೆ ಯಾರಾದರೂ ಇದ್ದರೆ ಕೊಡಿ ಎಂದಳು. ನಾನು ಕಲಿಸಿದ್ದನ್ನು ಅವಳು ಚೆನ್ನಾಗಿ ಕಲಿತಿದ್ದಳು. ದೂರದಿಂದಲೇ ಕೂಗಿ, ಸುದ್ದಿ ತಡೆಹಿಡಿಯುವಂತೆ ಹೇಳಿದೆ.

ಬಂದವರನ್ನು ಹಾಗೆಯೇ ಕಳಿಸುವುದು ದೊಡ್ಡಮ್ಮನಿಂದ ಆಗುವ ಕೆಲಸವಲ್ಲ. ಉಲ್ಟಾ ಎಲೆಯನ್ನು ತಾನೇ ಮಡಿಸಿ ಆಚೆ ಎಸೆದಳು. ಬೇರೆ ಎಲೆಗಳನ್ನು, ಒಂದೊಂದರ ತುದಿಯನ್ನೂ ಎರಡು ಸಲ ನೋಡಿ, ಎಡಕ್ಕೆ ಬರುವಂತೆ ಹಾಸಿಸಿದಳು. ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಮಾಡಿಟ್ಟಿದ್ದ ಅಡುಗೆಗಳನ್ನೂ ತಂದರು. ದುಃಖಕ್ಕೆ ಸೇರಿದವರು ಸಾಲಾಗಿ ಕೂತರು. ದೊಡ್ಡಮ್ಮ ಬಲಗೈಯಲ್ಲಿ ಮೊದಲ ಸೌಟು ಪಾಯಸ ಬಡಿಸಿದಳು. ಸಾಲದೆ ಬರಲಿಲ್ಲ.

ಮಾವ ಎಡಗೈಯಲ್ಲಿ ಉಣ್ಣಲು ಶುರು ಮಾಡಿದ. ಅವನೆದುರು ಬಂದ ದೊಡ್ಡಮ್ಮ ಅಭ್ಯಾಸದಂತೆ ಕೈ ಎತ್ತಿದಳು. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಅವನಿಗೆ ಇನ್ನೊಂದು ಸೌಟು ಬಡಿಸಿದಳು. ನಾನು ಮಾವನ ಕೈಯನ್ನೇ ನೋಡುತ್ತಿದ್ದೆ. ಸಣಕಲು ಕೈ, ಉದ್ದ ಬೆರಳು, ಒಂದಿಷ್ಟೂ ನಡುಗುತ್ತಿರಲಿಲ್ಲ. ಅತ್ತಿಗೆಯೂ ಅದನ್ನೇ ನೋಡುತ್ತಿದ್ದಳು.

ಊಟವಾದ ಮೇಲೆ ದೊಡ್ಡಮ್ಮನಿಗೆ ವಿಷಯ ಹೇಳಿದೆವು. ಮಾದರಿಯಲ್ಲಿ ಬರುವುದು ಮಾವನ ಎಡಗೈ. ಅವನು ಹುಟ್ಟಿದಾಗಿನಿಂದ ಬಳಸಿದ್ದು ಅದನ್ನೇ. ಯಾರನ್ನೂ ಯಾರೂ ಎಡಗೈಯಲ್ಲಿ ಬಡಿಸುವಂತೆ ಮಾಡಿದ ಹಾಗಾಗುವುದಿಲ್ಲ. ಅಚ್ಚಿನಲ್ಲಿ ಅದು ಅವಳ ಬಲಗೈ. ದೊಡ್ಡಮ್ಮ ಎಲೆಅಡಿಕೆ ಹಾಕಿಕೊಂಡು ಯೋಚಿಸಿದಳು. ಮಾವ, ನನ್ನ ಕೈ ಯಾಕೆ, ಬೇಡ ಎನ್ನುತ್ತ ಎರಡೂ ಕೈಯನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡ.

"ಕೊಡ್ಲಾ" ಎಂದಳು. "ನಿಂದು ಎಂಗಿದ್ರೂ ಎಡ್ಗೈನೇ. ಒಂದ್ಸಲನಾದ್ರೂ ಬಲ್ಗೈ ಆಗ್ಲಿ. ನಿಂಗೂ ಪುಣ್ಯ."

ಎಲೆಯನ್ನು ಇನ್ನೊಮ್ಮೆ ಉಲ್ಟಾ ಹಾಕಲು ಮಾತ್ರ ಅವಳು ಒಪ್ಪಲಿಲ್ಲ. ತುದಿಯನ್ನೇ ಕೊಯ್ದುಹಾಕಿದಳು. ತುದಿಯೇ ಇಲ್ಲದ ಎಲೆಗೆ ಎಡಬಲದ ಪ್ರಶ್ನೆ ಬರುವುದಿಲ್ಲ. ಮಾವನ ಕೈ ತೀರ ಗಂಡಸಿನದಾಗಿ ಕಾಣುತ್ತದೆ ಎಂದು ಅತ್ತಿಗೆ ಹೇಳಿದ್ದಕ್ಕೆ, ದೊಡ್ಡಮ್ಮ ತನ್ನ ಗಾಜಿನ ಬಳೆಗಳನ್ನು ಸೋಪು ಹಚ್ಚಿ ಅವನ ಮುಂಗೈಗೆ ಏರಿಸಿದಳು. ಮಾವ ಬಳೆ ತೊಟ್ಟು, ಸೌಟು ಹಿಡಿದು, ಬಗ್ಗಿ ನಿಂತ. ಬೀದಿಯ ಹೆಂಗಸರು ಪಾತ್ರೆ ತೊಳೆಯುವುದನ್ನು ಬಿಟ್ಟು ನೋಡಲು ಬಂದರು. ಒಬ್ಬಳು, ಅಣ್ಣಯ್ಯ ಸ್ವಲ್ಪ ನಗಿ ಎಂದಳು. ಮುಖ ಬರೆಯುವುದಿಲ್ಲ ಎಂದು ಎಷ್ಟು ಹೇಳಿದರೂ ಮಾವ ಕೊನೆಯವರೆಗೂ ನಗುತ್ತಲೇ ನಿಂತಿದ್ದ.

ಮುಖ ಫೋಟೊದಿಂದ, ಸೀರೆ ದೊಡ್ಡಮ್ಮನಿಂದ (ಸೆರಗನ್ನು ಬಲಭುಜಕ್ಕೆ ಬದಲಿಸಿ ಬರೆದುಕೊಂಡೆ), ಕೈ ಮಾವನಿಂದ. ಮಾದರಿ ಮುಗಿಸಿದೆ. ಲಟ್ಟಣಿಗೆಯಲ್ಲಿ ಮಸಿ ಹರಡಿ, ಹಾಳೆ ಮಲಗಿಸಿ, ಬೆಂಕಿಪೊಟ್ಟಣದ ಸೇತುವೆಯ ಮೇಲೆ ಕೈಯಿಟ್ಟು ಗೀಚಿದೆ. ಹಾಳೆ ಎತ್ತಿದಾಗ ಮಸಿ ಬಿಡುವ ಸಣ್ಣ ಚರಚರ ಸದ್ದು ಎಲ್ಲರಿಗೂ ಕೇಳಿಸಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡಳು. ಮೊದಲು ಚಿತ್ರದ ಕೈ ನೋಡಿದಳು. ತನ್ನ ಬಲಗೈ ಎತ್ತಿ ಪಕ್ಕದಲ್ಲಿ ಹಿಡಿದು ಹೋಲಿಸಿದಳು.

"ಈಗ ಬಡಿಸ್ತಾವ್ಳೆ ನೋಡು" ಎಂದಳು.

ಆ ದಿನ ಸಂಜೆಯವರೆಗೂ ಅಚ್ಚು ಹಾಕಿದೆವು. ಒಂದು ಪ್ರತಿಯ ಹಾಗೆ ಇನ್ನೊಂದು ಬರಲಿಲ್ಲ. ಕೆಲವು ಪ್ರತಿಗಳಲ್ಲಿ ದೊಡ್ಡಮ್ಮ ತೆಳ್ಳಗಿದ್ದಾಳೆ, ಕೆಲವುಗಳಲ್ಲಿ ಮೀಸೆಯ ಜಾಗದಲ್ಲಿ ನನ್ನ ಬೆರಳಿನ ಗುರುತಿದೆ. ಮೀಸೆ ಬಂದ ಪ್ರತಿಗಳನ್ನು ದೊಡ್ಡಮ್ಮನ ಗಂಡನ ಕಡೆಯ ನೆಂಟರಿಗೆ ಎಂದು ಬೇರೆ ಎತ್ತಿಟ್ಟೆವು.

ಬಳೆಗಳು ಮಾತ್ರ ಮಾವನ ಕೈಯಿಂದ ಬರಲಿಲ್ಲ. ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಅಷ್ಟು ಹೊತ್ತು ಸೌಟು ಹಿಡಿದು ಕೈ ಊದಿಕೊಂಡಿತ್ತು. ಒಡೆದುಬಿಡಿ ಎಂದ ಮಾವ. ಒಕ್ಕಲು ಹತ್ತಿರವಿರುವ ಮನೆಯಲ್ಲಿ ಬಳೆ ಒಡೆಯುವುದೇ ಎಂದು ದೊಡ್ಡಮ್ಮ ಸಿಟ್ಟಾದಳು. ಹೀಗಾಗಿ ಅಕ್ಕನ ಸಾವಿಗೆಂದು ಬಂದವನು, ಅಕ್ಕನ ಬಳೆ ತೊಟ್ಟುಕೊಂಡು, ಎಡಗೈಗೆ ಟವೆಲ್ ಸುತ್ತಿಕೊಂಡು ಕುದೇರಿಗೆ ಹೋದ. ಬಸ್ಸಿನಲ್ಲಿ ಕೈಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಮುರಿದಿದೆ ಎಂದು ಹೇಳಿದನಂತೆ. ಕಂಡಕ್ಟರ್ ಸೀಟು ಬಿಡಿಸಿಕೊಟ್ಟನಂತೆ.

ಒಕ್ಕಲಿನ ದಿನ ಅವನು ಬಂದಾಗ ಮುಂಗೈ ಮುಚ್ಚುವ ತುಂಬುತೋಳಿನ ಅಂಗಿ ಹಾಕಿದ್ದ. ತೋಳಿನೊಳಗೆ ಬಳೆ ಸದ್ದಾಗುತ್ತಿತ್ತು. ತಾಂಬೂಲದ ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿದ್ದೆವು. ಬಂದವರೆಲ್ಲ ಚಿತ್ರ ನೋಡಿ, ಕೈ ನೋಡು, ಎಂಥ ಲಕ್ಷಣ ಎಂದರು. ಪ್ರತಿಸಲವೂ ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಪ್ರತಿಸಲವೂ ಮಾವ ಕೆಮ್ಮಿದ.

ಮೊದಲ ಪಂಕ್ತಿ ಕೂತಿತು. ಹೊಸ ಮನೆಯ ಮೊದಲ ಸೌಟು. ದೊಡ್ಡಮ್ಮ ಮೊದಲ ಎಲೆಗೆ ಪಾಯಸ ಬಡಿಸಿದಳು. ಎರಡನೇ ಎಲೆಗೆ ಹೋಗುವ ಮೊದಲು ನಿಂತು, ಪಾತ್ರೆಯನ್ನೂ ಸೌಟನ್ನೂ ಮಾವನ ಕಡೆ ಚಾಚಿದಳು. ನಮ್ಮ ಕುಟುಂಬದ ಯಾವ ಸಮಾರಂಭದಲ್ಲೂ ಅವನ ಕೈಗೆ ಸೌಟು ಬಂದದ್ದಿಲ್ಲ. ಅವನು ಬಲಗೈ ಮುಂದೆ ಮಾಡಿದ, ಸೌಟು ಅಲುಗಾಡಿತು. ಅಕ್ಕನ ಮುಖ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಎಡಗೈಗೆ ಬದಲಿಸಿಕೊಂಡ. ಅಂಗಿಯ ತೋಳು ಹಿಂದಕ್ಕೆ ಸರಿದು ಬಳೆಗಳು ಕಂಡವು. ಚೆಲ್ಲದೆ, ನಡುಗದೆ, ಸಾಲಿನುದ್ದಕ್ಕೂ ಬಡಿಸಿಕೊಂಡು ಹೋದ.

ಸಾಲಿನ ಕೊನೆಯಲ್ಲಿ ಕೂತಿದ್ದ ಉಡಿಗಾಲದ ಹಿರಿಯರೊಬ್ಬರು ಎಲೆಯ ಮೇಲೆ ಕೈ ಅಡ್ಡ ಇಟ್ಟರು. ಒಕ್ಕಲಿನ ಊಟಕ್ಕೆ ಎಡಗೈಯಲ್ಲಿ ಬಡಿಸುವುದೇ ಎಂದು ದೊಡ್ಡಮ್ಮನನ್ನೇ ಕೇಳಿದರು. ಮಾವನ ಸೌಟು ಅಲ್ಲೇ ನಿಂತಿತು.

ದೊಡ್ಡಮ್ಮ ನಿಧಾನವಾಗಿ ಹತ್ತಿರ ಬಂದಳು. ಅವರ ಕೈಯನ್ನು ತಾನೇ ಎಲೆಯಿಂದ ಪಕ್ಕಕ್ಕೆ ಸರಿಸಿದಳು.

"ಎಡ್ಗೈ ಅಲ್ಲ ಬುಡಿ ಅದು" ಎಂದಳು. "ಇನ್ನೂ ಅಚ್ಚಾಗಿಲ್ಲ, ಅಷ್ಟೆಯ."